ಮಾಮಲೇದಾರ ಸಾಹೇಬರ ಹೊಟ್ಟೆಯುರಿ

ಇಂಡಿ
4 ನವೆಂಬರ್ 2024

ಮುದ್ದೇಬಿಹಾಳದ ಹಾಸ್ಟೆಲಿನಲ್ಲಿದ್ದುಕೊಂಡು ಪಶುಸಂಗೋಪನೆಯ ಡಿಪ್ಲೊಮಾ ಓದುತ್ತಿರುವ ಮುಬಿನ ಆಪಾ ಅವರ ದಿವ್ಯ ಸನ್ನಿಧಾನಕ್ಕೆ, ತಮ್ಮನಾದ ಅಫ್ತಾಬನು ಬಗ್ಗಿ ಸಲಾಂ ಮಾಡಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ತಮ್ಮೆಲ್ಲರ ಫೋನುಗಳು ವಾರ್ಡನ್ ಮೇಡಂ ಅವರ ಕಪಾಟಿನಲ್ಲಿವೆ. ಮೇಡಂ ಅವರ ಫೋನಿಗೆ ನಾನು ದಪ್ಪ ದನಿಯಲ್ಲಿ, "ಬೆಂಗಳೂರಿಂದ ಡೈರೆಕ್ಟರ್ ಮಾತಾಡೋದು, ಹುಡಿಗ್ಯಾರಿಗೆ ಶುಕ್ರವಾರ ಬಿರಿಯಾನಿ ಮಂಜೂರು" ಎಂದು ಆದೇಶ ಕೊಟ್ಟ ಮೇಲೆ ನಮ್ಮ ಮನೆಯ ನಂಬರು ಅಲ್ಲಿ ನಿಷಿದ್ಧವಾಗಿದೆ. ಅಬ್ಬಾ ನನ್ನ ಫೋನನ್ನೂ ಜಪ್ತಿ ಮಾಡಿದ್ದಾರೆ. ಆದ್ದರಿಂದ ಅಂಚೆ ಇಲಾಖೆಯ ಏಳಿಗೆಗಾಗಿ ಈ ಪತ್ರ.

ಸಮಾಚಾರ ಏನೆಂದರೆ, ಅಬ್ಬಾ ಸಿಂದಗಿಯಿಂದ ಬಿಳಿ ಹೆಣ್ಣು ಕುದುರೆ ತಂದಿದ್ದಾರೆ. ಹೆಸರು ಬಿಜಲಿ. ಮದುವೆ ಮೆರವಣಿಗೆಯಲ್ಲಿ ಮದುಮಗನನ್ನು ಹೊರುವ ಗೌರವ ಇನ್ನು ಅವಳದು. ಯಾರಾದರೂ ಸಣ್ಣ ಹುಡುಗನನ್ನು ಕೂರಿಸಿಕೊಂಡು ಮುಂದೆ ನಡೆಯುವ ಚಿಲ್ಲರೆ ಹುದ್ದೆ ಎಂದಿನಂತೆ ನಮ್ಮ ಗಿಡ್ಡ ಕುದುರೆ ಮಾಮಲೇದಾರ ಸಾಹೇಬರದು. ನನ್ನ ಸೊಂಟದಷ್ಟೇ ಎತ್ತರ. ಹಳೆಯ ಕಾಲದ ಸರ್ಕಾರಿ ಅಧಿಕಾರಿಯಂತೆ ಹೊಟ್ಟೆ ಮುಂದೆ ಮಾಡಿ ನಡೆಯುವ ಗತ್ತು. ಹೆಸರಿಟ್ಟವರು ನಮ್ಮಜ್ಜ ಕಾಸಿಂಸಾಬ ಮುತ್ಯಾ, ಬಾಟಲಿ ಹಾಲು ಕುಡಿಸಿ ಬೆಳೆಸಿದವಳು ನೀನು, ಒದೆಸಿಕೊಳ್ಳುವವನು ನಾನು.

ಬಿಜಲಿ ಬಂದಾಗಿನಿಂದ ಸಾಹೇಬರು ಕಡಲೆ ಮುಟ್ಟುತ್ತಿಲ್ಲ. ಹಲ್ಲು ಕಟಕಟ ಕಡಿಯುತ್ತಾರೆ. ಮೇಲ್ತುಟಿ ಎತ್ತಿ ಆಕಾಶವನ್ನು ಅಣಕಿಸುತ್ತಾರೆ. ಜೀನಿನ ಪಟ್ಟಿ ಬಿಗಿಯಲು ಹೋದ ನನ್ನ ತೋಳಿಗೆ ತಮ್ಮ ಮೊಹರು ಒತ್ತಿದ್ದಾರೆ. ಮುತ್ಯಾ ನೋಡಿ ತೀರ್ಪು ಕೊಟ್ಟರು: "ರೋಗಗೀಗ ಏನಿಲ್ಲ. ಬಿಳಿ ಕುದುರಿ ಕಂಡು ಇದಕ್ಕ ಹೊಟ್ಟಿ ಉರಿ ಆಗೇತಿ."

ತೀರ್ಪಿನಂತೆ, ಬಿಜಲಿ ಕಣ್ಣಿಗೆ ಬೀಳದಿರಲೆಂದು ಸಾಹೇಬರನ್ನು ಹಿತ್ತಿಲಿನ ತಗಡಿನ ಶೆಡ್ಡಿಗೆ ವರ್ಗ ಮಾಡಲಾಗಿದೆ. ಅಲ್ಲಿ ಒಬ್ಬರೇ ನಿಂತು ಕೂಗುತ್ತಾರೆ. ಬಡ್ತಿ ತಪ್ಪಿದವರ ಗೋಳು, ತಾವು ಬಲ್ಲಿರಿ.

ತಮ್ಮ ಪಾದಧೂಳಿ,
ಅಫ್ತಾಬ


ಮುದ್ದೇಬಿಹಾಳ
9 ನವೆಂಬರ್ 2024

ಚ್ಯಾಷ್ಟಿಖೋರನಿಗೆ,

ನಿನ್ನ ಅರಿಕೆಯನ್ನು ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ನನ್ನ ಮಗ್ಗುಲ ಕಾಟಿನ ವಿದ್ಯಾವತಿ ನಕ್ಕು ನಕ್ಕು ಬಿಕ್ಕಳಿಕೆ ತಂದುಕೊಂಡಳು. "ನಿಮ್ಮ ಮಾಮಲೇದಾರಗ ಒಂದ್ ಬಾಟ್ಲಿ ಸೋಡಾ ಕುಡಸ್ರಿ, ಹೊಟ್ಟಿ ಉರಿ ತಣ್ಣಗಾಗ್ತೈತಿ" ಅಂದಳು.

ಆದೇಶ: ಅರ್ಜಿದಾರ ಕುದುರೆಯು ಬಿಜಲಿಯ ಬಿಳುಪನ್ನು ಕಂಡು ಹೊಟ್ಟೆ ಉರಿದುಕೊಳ್ಳತಕ್ಕದ್ದಲ್ಲ. ಕಡಲೆ ಬಿಟ್ಟರೆ ಬಿಡಲಿ, ಆ ಹೊಟ್ಟೆ ಸ್ವಲ್ಪ ಕರಗಿದರೆ ಒಳ್ಳೆಯದೇ.

ಹದಿನೆಂಟರಿಂದ ನನಗೆ ಪರೀಕ್ಷೆ. ಅಲ್ಲಿಯತನಕ ಇಂಥ ನಗೆಯ ಸುದ್ದಿಯನ್ನೇ ಬರೆ, ಬೇರೆಯದನ್ನು ಬರೆಯಬೇಡ. ನನಗೆ ಇಲ್ಲಿ ಪುಸ್ತಕ ಕಂಡರೆ ಎದೆ ಡವಡವ ಅನ್ನುತ್ತದೆ.

ಮುಬಿನ


ಇಂಡಿ
15 ನವೆಂಬರ್ 2024

ಆದೇಶ ಶಿರಸಾವಹಿಸಿ ನಗೆಯ ಸುದ್ದಿಯನ್ನೇ ಬರೆಯುತ್ತಿದ್ದೇನೆ.

ನಾಲ್ಕು ದಿನದ ಹಿಂದೆ ಸಾಲೋಟಗಿಯಲ್ಲಿ ಮೆರವಣಿಗೆ ಇತ್ತು. ನಮ್ಮ ಮನೆತನದ ಪದ್ಧತಿ ನಿನಗೆ ಗೊತ್ತು: ಬೀಗರ ಎದುರಿಗೆ ಕುದುರೆ ಲದ್ದಿ ಹಾಕಿದರೆ ಮಾನ ಹೋಯಿತು. ಅದಕ್ಕೇ ಮೆರವಣಿಗೆಯ ದಿನ ಬೆಳಗಿನಿಂದ ಉಪವಾಸ, ಕೆಲಸ ಮುಗಿದ ಮೇಲೆ ಬುಟ್ಟಿ ತುಂಬ ಕಡಲೆ, ಬೆಲ್ಲ. ಮಾಮಲೇದಾರ ಸಾಹೇಬರು ಹೊಸ ಜೂಲು, ಗೆಜ್ಜೆ ಧರಿಸಿ ಹೊರಟರು. ಬೆನ್ನ ಮೇಲೆ ಮದುಮಗನ ಅಕ್ಕನ ಮಗ, ಕೈಯಲ್ಲಿ ಪ್ಲಾಸ್ಟಿಕ್ ಕತ್ತಿ. ಊರಬಾಗಿಲ ಅಗಸಿಯ ಹತ್ತಿರ ಬಂದಾಗ ಸಾಹೇಬರು ಇದ್ದಕ್ಕಿದ್ದಂತೆ ನಡುರಸ್ತೆಯಲ್ಲಿ ಕುಳಿತುಬಿಟ್ಟರು. ಹುಡುಗ ಜಾರಿ ಬ್ಯಾಂಡಿನವರ ಡೊಳ್ಳಿಗೆ ಬಡಿದ. ಬ್ಯಾಂಡು ನಿಂತಿತು. ಯಾರೋ, "ಮಾಮಲೇದಾರ್ರು ಧರಣಿ ಕುಂತ್ರಪೊ!" ಎಂದು ಕೂಗಿದರು. ಊರೇ ನಕ್ಕಿತು. ನಾನೂ ನಕ್ಕೆ.

ಎಬ್ಬಿಸಲು ಬಗ್ಗಿದಾಗ ನೋಡಿದೆ. ತಂಪು ಗಾಳಿಯಲ್ಲಿ ಅವನ ಕುತ್ತಿಗೆ ಬೆವತು ತೊಯ್ದಿತ್ತು. ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಿದ್ದ, ಅಲ್ಲಿ ಯಾರೋ ಕೂತಿದ್ದಾರೆ ಅನ್ನುವಂತೆ.

ಕಾಲು ಉಳುಕಿದೆ ಎಂದು ಅಬ್ಬಾ ದಿನಾ ನೋವಿನ ಗುಳಿಗೆ ಕೊಡುತ್ತಿದ್ದಾರೆ. ಆದರೂ ಹೆಚ್ಚು ಹೊತ್ತು ಮಲಗಿಯೇ ಇರುತ್ತಾನೆ. ಆಪಾ, ಇದು ಚ್ಯಾಷ್ಟಿ ಅಲ್ಲ.

ಅಫ್ತಾಬ


ಮುದ್ದೇಬಿಹಾಳ
19 ನವೆಂಬರ್ 2024

ಅಫ್ತಾಬ,

ಧರಣಿ ಕೂತ ಕಥೆ ಚೆನ್ನಾಗಿದೆ. ಹೊಟ್ಟೆಯ ಮೇಲೆ ಯಾರೋ ಕೂತಿರುವುದು ಇನ್ನೂ ಚೆನ್ನಾಗಿದೆ. ಆದರೆ "ಇದು ಚ್ಯಾಷ್ಟಿ ಅಲ್ಲ" ಎಂಬ ಸಾಲನ್ನು ಹಾಕಬಾರದಿತ್ತು. ಇಂಗಳೇಶ್ವರದ ರಸ್ತೆಯಲ್ಲಿ ಅಬ್ಬಾನ ಗಾಡಿ ಕಳವಾಯಿತು ಅಂದಾಗಲೂ ಇದೇ ಸಾಲು. ನನಗೆ ಮದುವೆ ಗೊತ್ತು ಮಾಡಿದ್ದಾರೆ, ವರನಿಗೆ ಹಲ್ಲಿಲ್ಲ ಅಂದಾಗಲೂ ಇದೇ ಸಾಲು. ಆ ಸಾಲು ಕಂಡ ಕೂಡಲೇ ನನಗೆ ಸಮಾಧಾನವಾಯಿತು.

ನಾಳೆ ಮತ್ತೊಂದು ಪೇಪರ್. ಸಾಹೇಬರ ಹಣೆಗೆ ನನ್ನ ಪರವಾಗಿ ಒಂದು ಮುತ್ತು.

ಮುಬಿನ


ಇಂಡಿ
22 ನವೆಂಬರ್ 2024

ಆಪಾ,

ಅವನು ಜೋಳದ ಕಣಕಿಯನ್ನೂ ಬಿಟ್ಟಿದ್ದಾನೆ. ಎರಡು ಎಸಳು ತಿಂದು ನಿಲ್ಲಿಸುತ್ತಾನೆ. ಬಾಯಿಂದ ಜೊಲ್ಲು ಸುರಿಯುತ್ತದೆ. ಪಕ್ಕೆಲುಬು ಕೈಗೆ ಸಿಗುತ್ತವೆ. ನಾನು ಹತ್ತಿರ ಹೋದರೆ ಒದೆಯುವುದಿಲ್ಲ.

ಒದೆಯಲಿ ಅಂತ ಬಾಲ ಎಳೆದು ನೋಡಿದೆ. ಒದೆಯಲಿಲ್ಲ.

ಅಫ್ತಾಬ


ಮುದ್ದೇಬಿಹಾಳ
25 ನವೆಂಬರ್ 2024

ಅಫ್ತಾಬ,

ನಿನ್ನ ಪತ್ರದಲ್ಲಿ ಒಂದೂ ಚ್ಯಾಷ್ಟಿ ಇಲ್ಲ. ಅಂಚೆಯನ್ನು ನಂಬಿ ಕೂರಲಾರೆ. ಇಂಡಿ ಕಡೆಯ ಬಸ್ಸಿನ ಕಂಡಕ್ಟರ್ ರೇವಣಪ್ಪನವರ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಅವರ ಕೈಯಲ್ಲೇ ಉತ್ತರ ಕಳಿಸು.

ಇಲ್ಲಿ ನಮಗೆ ಕಲಿಸುವುದು ಎಮ್ಮೆ, ಆಕಳು, ಕುರಿ, ಕೋಳಿ. ಕುದುರೆಗೆ ಪುಸ್ತಕದಲ್ಲಿರುವುದು ಎರಡೇ ಪುಟ. ಅವನ್ನು ಓದಿದೆ, ಸರ್ ಅವರನ್ನೂ ಕೇಳಿದೆ. ಮುತ್ಯಾ ಹೇಳಿದ್ದು ಅಕ್ಷರಶಃ ನಿಜ. ಅವನಿಗೆ ಹೊಟ್ಟೆ ಉರಿ. ಹೊಟ್ಟೆಕಿಚ್ಚಲ್ಲ, ಹೊಟ್ಟೆಯೊಳಗೆ ಹುಣ್ಣು.

ಕುದುರೆಯ ಹೊಟ್ಟೆಯಲ್ಲಿ ತಿಂದರೂ ತಿನ್ನದಿದ್ದರೂ ಹುಳಿ ಊರುತ್ತಲೇ ಇರುತ್ತದಂತೆ. ಮೇವು ಇದ್ದರೆ ಆ ಹುಳಿ ಮೇವಿನ ಮೇಲೆ, ಇಲ್ಲದಿದ್ದರೆ ಹೊಟ್ಟೆಯ ಗೋಡೆಯ ಮೇಲೆ. ನಾವು ಮಾನ ಉಳಿಸಿಕೊಳ್ಳಲು ಉಪವಾಸ ಕೆಡವಿದೆವು. ಆಮೇಲೆ ಕಡಲೆ, ಬೆಲ್ಲ ತುಂಬಿದೆವು. ಜೊತೆ ತಪ್ಪಿಸಿ ಒಂಟಿ ಕಟ್ಟಿದೆವು. ಅದರ ಮೇಲೆ ನೋವಿನ ಗುಳಿಗೆ. ಅದು ಹುಣ್ಣನ್ನು ಇನ್ನೂ ಕೆದರುತ್ತದೆ.

ಗುಳಿಗೆ ಇವತ್ತೇ ನಿಲ್ಲಿಸಿ. ಕಡಲೆ, ಬೆಲ್ಲ ಬೇಡ. ಬಿಜಲಿಯನ್ನು ಅವನ ಮಗ್ಗುಲಿಗೇ ಕಟ್ಟಿ. ದನದ ದವಾಖಾನೆಯ ಸುನೀತಾ ಮೇಡಂ ಅವರನ್ನು ಕರೆಸಿ, ಹುಳಿ ತಗ್ಗಿಸುವ ಔಷಧವನ್ನು ಅವರೇ ತೂಕ ನೋಡಿ ಕೊಡಬೇಕು. ಮುಖ್ಯವಾಗಿ ಕುದುರೆ ಮಸಾಲೆ ತಂದು ಕೈಯಿಂದ ತಿನ್ನಿಸಿ, ಎಷ್ಟು ತಿಂದರೆ ಅಷ್ಟು. ಹುಳಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲವಂತೆ. ಗಿಡ್ಡ ಕುದುರೆ ಎರಡು ದಿನ ಪೂರ್ತಿ ಮೇವು ಬಿಟ್ಟರೆ ಮೈಯ ಕೊಬ್ಬು ಕರಗಿ ನೆತ್ತರಿಗೆ ಇಳಿದು ಜೀವ ತೆಗೆಯುತ್ತದೆ.

"ಹೊಟ್ಟೆ ಕರಗಿದರೆ ಒಳ್ಳೆಯದೇ" ಎಂದು ಬರೆದದ್ದು ನಾನೇ. ಆ ಪತ್ರ ಹರಿದುಹಾಕು.

ಮುಬಿನ


ಇಂಡಿ
27 ನವೆಂಬರ್ 2024

ಆಪಾ,

ಹೆದರಬೇಡ. ನೀನು ಬರೆದಂತೆಯೇ ಎಲ್ಲ ಮಾಡುತ್ತಿದ್ದೇವೆ.

ಗುಳಿಗೆ ನಿಂತಿದೆ. ಕಡಲೆ ಬಂದ್. ಬಿಜಲಿಯನ್ನು ಮಗ್ಗುಲಿಗೆ ಕಟ್ಟಿದೆವು. ಅವಳು ಮೂಸಿದಾಗ ಇವನು ಕಿವಿ ಎತ್ತಿದ. ಆದರೆ ಇವತ್ತು ಅವಳನ್ನು ಅಬ್ಬಾ ಬಸವನ ಬಾಗೇವಾಡಿಯ ಕಡೆಯ ಮದುವೆಗಳಿಗೆ ಕರೆದೊಯ್ದರು, ಒಂದು ವಾರದ ಒಪ್ಪಂದ. ಸುನೀತಾ ಮೇಡಂ ತರಬೇತಿಗೆ ಹೋಗಿದ್ದಾರೆ, ನಾಡಿದ್ದು ಬರುತ್ತಾರಂತೆ.

ಮುತ್ಯಾನ ಖುಷಿ ನೀನು ನೋಡಬೇಕಿತ್ತು. ಪತ್ರ ಓದಿ ಹೇಳಿದಾಗ ಕುದುರೆ ಮಸಾಲೆ ಅಂದ ಕೂಡಲೇ ಎದ್ದು ನಿಂತರು. "ನೋಡಿದ್ಯಾ! ಎಷ್ಟ್ ಓದಿದ್ರೂ ಕಡೀಕ ನಮ್ಮ ಮಸಾಲಿನ ಬೇಕಾತು! ನಮ್ಮಪ್ಪ ನಿಜಾಮರ ಕಡಿ ಸವಾರರಿಂದ ಕಲ್ತಿದ್ದ." ಕಲಬತ್ತು ತೆಗೆದು ತಾವೇ ಕುಟ್ಟಿದರು: ಮೆಣಸು, ಒಣ ಶುಂಠಿ, ಅಜವಾನ, ಸಾಸಿವೆ, ಬೆಳ್ಳುಳ್ಳಿ, ಹಿಡಿ ತುಂಬ ಒಣ ಮೆಣಸಿನಕಾಯಿ. ಉಂಡೆ ಕಟ್ಟಿದ್ದಾರೆ. ಅವನು ಉಗುಳುತ್ತಾನೆ. ಎಷ್ಟು ತಿಂದರೆ ಅಷ್ಟು ಎಂದು ನೀನೇ ಬರೆದಿದ್ದೀಯಲ್ಲ, ಅದಕ್ಕೆ ನಾನು ದವಡೆ ಹಿಡಿಯುತ್ತೇನೆ, ಮುತ್ಯಾ ಗಂಟಲಿಗೆ ನೂಕುತ್ತಾರೆ.

ನುಂಗಿದ ಮೇಲೆ ಮೈಯೆಲ್ಲ ನಡುಗಿ ನೆಲ ಕೆರೆಯುತ್ತಾನೆ. "ಮದ್ದು ಕೆಲಸ ಮಾಡಾಕತ್ತೈತಿ" ಅನ್ನುತ್ತಾರೆ ಮುತ್ಯಾ. ಹೌದಲ್ಲ ಆಪಾ? ಹಾಗೇ ಆಗಬೇಕಲ್ಲ?

ಅಫ್ತಾಬ


ಮುದ್ದೇಬಿಹಾಳ ಬಸ್ ಸ್ಟ್ಯಾಂಡ್
28 ನವೆಂಬರ್ 2024

ನಿಲ್ಲಿಸು. ಇದನ್ನು ಓದುತ್ತಿರುವಲ್ಲಿಂದಲೇ ಓಡು.

ಕುದುರೆ ಮಸಾಲೆ ಅಂದರೆ ಮಸಾಲೆ ಅಲ್ಲ. ಹುಲ್ಲು. ಹಸಿರು ಹುಲ್ಲು. ನಮ್ಮ ಮನೆಯಲ್ಲಿ ಲಸೂಣ ಘಾಸ ಅನ್ನುತ್ತೀವಲ್ಲ, ಅದರ ಪುಸ್ತಕದ ಹೆಸರು ಕುದುರೆ ಮಸಾಲೆ. ಪುಸ್ತಕದಲ್ಲಿ ಇದ್ದಂತೆ ಬರೆದುಬಿಟ್ಟೆ. ನೀವು ಹುಣ್ಣಿನ ಮೇಲೆ ಖಾರ ಸುರಿಯುತ್ತಿದ್ದೀರಿ.

ವಾರ್ಡನ್ ಮೇಡಂ ಕಾಲು ಹಿಡಿದೆ. "ಡೈರೆಕ್ಟರ್ ಸಾಹೇಬ್ರ ಹೊಸಾ ನಾಟಕ ಏನ ಇದು?" ಅಂದರು. ಗೇಟಿನಾಚೆಯ ಅಂಗಡಿಯ ಫೋನಿನಿಂದ ಅಬ್ಬಾಗೆ ಹಚ್ಚಿದೆ. ಆ ಕಡೆ ಬ್ಯಾಂಡು. "ಅಬ್ಬಾ, ಮಸಾಲಿ! ಮಸಾಲಿ!" ಎಂದು ಚೀರಿದೆ. "ಹೌದವಾ, ಮಸಾಲಿ ಕೊಡಾಕತ್ತಾರ, ನೀ ಚಿಂತಿ ಮಾಡಬ್ಯಾಡ" ಅಂದು ಇಟ್ಟುಬಿಟ್ಟರು. ಮತ್ತೆ ಎತ್ತಲಿಲ್ಲ.

ರೇವಣಪ್ಪನವರು ಸೀಟಿ ಊದುತ್ತಿದ್ದಾರೆ. ಓಡು.


ಇಂಡಿ
29 ನವೆಂಬರ್ 2024

ಆಪಾ,

ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ.

ಮುತ್ಯಾ ಉಂಡೆ ಹಿಡಿದು ಅವನ ದವಡೆ ಬಿಡಿಸುತ್ತಿದ್ದರು. "ನಿಲ್ಸ್ರಿ ಮುತ್ಯಾ! ಅದು ಮಸಾಲಿ ಅಲ್ಲ, ಹುಲ್ಲು!" ಅಂದೆ.

"ನನ್ನ ಕೈಯಾಗ ಉಂಡಿ ಐತಿ, ನೀ ಹುಲ್ಲಂತಿ. ಮೂಕ ಪ್ರಾಣಿ ಸಾಯಾಕತ್ತಿದ್ದಾಗರೆ ಚ್ಯಾಷ್ಟಿ ಬಿಡಲೇ."

ನಿನ್ನ ಪತ್ರ ತೋರಿಸಿದೆ. "ಇದನ್ನೂ ನೀನ ಬರ್ದಿರ್ತಿ" ಅಂದರು. ಓದಿ ಸಾಕ್ಷಿ ಹೇಳಲು ಅಮ್ಮಿ ಮನೆಯಲ್ಲಿರಲಿಲ್ಲ. ಅವರ ಕೈ ಮತ್ತೆ ಅವನ ಬಾಯಿಯ ಹತ್ತಿರ ಹೋಯಿತು. ನನಗೆ ಬೇರೆ ಏನೂ ತೋಚಲಿಲ್ಲ. ಉಂಡೆ ಕಸಿದುಕೊಂಡು ನನ್ನ ಬಾಯಿಗೆ ಹಾಕಿಕೊಂಡು ಅಗಿದು ನುಂಗಿದೆ.

ಆಪಾ, ಅದು ಬೆಂಕಿ. ಹುಣ್ಣಿಲ್ಲದ ನನ್ನ ಹೊಟ್ಟೆಯಲ್ಲೇ ಬೆಂಕಿ. ಕಣ್ಣಿಂದ ನೀರು ಇಳಿಯತೊಡಗಿತು, ಆಮೇಲೆ ನಿಲ್ಲಲೇ ಇಲ್ಲ. ಮುತ್ಯಾ ನನ್ನ ಗದ್ದ ಹಿಡಿದೆತ್ತಿ ನೋಡಿದರು. ಜನ್ನತಬಿ ಅಜ್ಜಿ ಹೋದಾಗಲೂ ನಾನು ಅತ್ತದ್ದನ್ನು ಅವರು ಕಂಡಿರಲಿಲ್ಲ.

"ಖರೇನ ಅಳಾಕತ್ತೀ ಏನಲೇ?" ಅಂದರು.

ಆಗ ನಂಬಿದರು. ಕಲಬತ್ತನ್ನು ಎತ್ತಿ ಬಾವಿಕಟ್ಟೆಯ ಆಚೆ ಒಗೆದರು. ಮಧ್ಯಾಹ್ನ ಸುನೀತಾ ಮೇಡಂ ಬಂದು ಮೂಗಿನಿಂದ ನಳಿಗೆ ಇಳಿಸಿ ಔಷಧ ಹಾಕಿದರು, ಕುತ್ತಿಗೆಗೆ ಸಲಾಯಿನ್ ಹಚ್ಚಿದರು. "ಒಳಗ ನೋಡೋ ಕ್ಯಾಮೆರಾ ನಮ್ಮಲ್ಲಿಲ್ಲ. ಆದ್ರ ಲಕ್ಷಣ ಎಲ್ಲಾ ಹುಣ್ಣಿಂದ. ತಾನಾಗಿ ತಿಂದ್ರ ಉಳಿತಾನ" ಅಂದರು. ಉಪವಾಸದ ವಿಷಯವನ್ನೂ ನೀನು ಬರೆದಂತೆಯೇ ಹೇಳಿದರು.

ಅವರು ಹೋದ ಮೇಲೆ ಮುತ್ಯಾ ಉಳಿದ ಉಂಡೆಗಳನ್ನು ತಿಪ್ಪೆಗೆ ಒಗೆದರು. ಆಮೇಲೆ ಕೇಳಿದರು: "ಅಫ್ತಾಬ, ಹಂಗಾದ್ರ ನಮ್ಮ ಮೋತಿ? ಅದರ ಹಿಂದಿನ ಕೆಂದ ಕುದುರಿ? ಸಾಯೋ ಮುಂದ ಅವೂ ಹಿಂಗ ಹಲ್ಲು ಕಡಿತಿದ್ವು."

ನಾನು ಮೇವು ತರಲು ಹೊರಟೆ.

ಲಚ್ಯಾಣದಿಂದ ಲಸೂಣ ಘಾಸ ತಂದಿದ್ದೇನೆ. ಮೂಸಿದ. ಮುಖ ತಿರುಗಿಸಿದ. ಸದ್ಯ ಇಷ್ಟೇ.

ಅಫ್ತಾಬ


ಇಂಡಿ
8 ಡಿಸೆಂಬರ್ 2024

ಮಹಾರಾಜಶ್ರೀ ಮುಬಿನ ಆಪಾ ಅವರ ಅವಗಾಹನೆಗೆ:

ಮಾಮಲೇದಾರ ಸಾಹೇಬರು ಪೂರ್ಣ ಗುಣಮುಖರಾಗಿ ಕಾರ್ಯಭಾರ ವಹಿಸಿಕೊಂಡಿದ್ದಾರೆ. ದಿನವಿಡೀ ಮೇಯುತ್ತಾರೆ. ನನಗೆ ಎಡ ತೊಡೆಯ ಮೇಲೆ ಒಂದು, ಮರ್ಯಾದೆಯಿಂದ ಹೇಳಲಾಗದ ಕಡೆ ಒಂದು ಒದೆ ದಯಪಾಲಿಸಿದ್ದಾರೆ. ತಾವು ನಿಶ್ಚಿಂತೆಯಿಂದ ಉಳಿದ ಪರೀಕ್ಷೆ ಬರೆಯುವುದು.

ತಮ್ಮ ಪಾದಧೂಳಿ


ಮುದ್ದೇಬಿಹಾಳ
12 ಡಿಸೆಂಬರ್ 2024

ಅಫ್ತಾಬ,

ನಂಬಲಾರೆ.

ಒಂಬತ್ತು ದಿನ ನಿನ್ನಿಂದ ಸುದ್ದಿಯೇ ಇಲ್ಲ. ರೇವಣಪ್ಪನವರನ್ನು ಬೇರೆ ಮಾರ್ಗಕ್ಕೆ ಹಾಕಿದ್ದಾರೆ. ಅವತ್ತು ಗೇಟು ದಾಟಿದ್ದಕ್ಕೆ ಮೇಡಂ ನನ್ನನ್ನು ಅಂಗಡಿಯ ಫೋನಿನ ತನಕವೂ ಬಿಡುತ್ತಿಲ್ಲ. ಈಗ ಬಂದ ಪತ್ರದಲ್ಲಿ ಮತ್ತೆ ಮಹಾರಾಜಶ್ರೀ, ಮತ್ತೆ ಪಾದಧೂಳಿ. ಹೋದ ವರ್ಷ ನನ್ನ ಪರೀಕ್ಷೆಯ ಹೊತ್ತಿಗೆ ನೀನು ಬರೆದ ಪತ್ರ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ: "ಜನ್ನತಬಿ ಅಜ್ಜಿಯವರು ಎಲೆ ಅಡಿಕೆ ಮೆಲ್ಲುತ್ತಾ ಪ್ರಜೆಗಳನ್ನು ಬೈಯುತ್ತಾ ಸುಖವಾಗಿದ್ದಾರೆ." ನಾನು ನಗುತ್ತಾ ಪೇಪರ್ ಬರೆದು ಊರಿಗೆ ಬಂದರೆ ಅಜ್ಜಿಯ ಮಂಚ ಖಾಲಿ. ಅವರು ಹೋಗಿ ಎಂಟು ದಿನವಾಗಿತ್ತು.

ನೀನು ನನ್ನ ಒಳ್ಳೆಯದಕ್ಕೇ ಬರೆದೆ, ಗೊತ್ತು. ಅದಕ್ಕೇ ಈಗ ನಿನ್ನ ನಗೆ ಕಂಡರೆ ನನಗೆ ಹೆಚ್ಚು ಅಂಜಿಕೆ. ಆಣೆ ಹಾಕಬೇಡ. ಫೋಟೋ ಬೇಡ, ಹಳೆಯದನ್ನು ಕಳಿಸಿದರೆ ನನಗೇನು ತಿಳಿಯುತ್ತದೆ? ಅವನು ಹೋಗಿದ್ದರೆ ಹೋಗಿದ್ದಾನೆ ಅಂತ ಬರೆ. ಇದ್ದರೆ ನಾನು ಕೈಯಲ್ಲಿ ಹಿಡಿದು ನೋಡುವಂಥ ಪುರಾವೆ ಕಳಿಸು.

ಊಟ ಸೇರುತ್ತಿಲ್ಲ. ನನಗೂ ಹೊಟ್ಟೆ ಉರಿಯುತ್ತಿದೆ, ಅಕ್ಷರಶಃ.

ಮುಬಿನ


ಇಂಡಿ
17 ಡಿಸೆಂಬರ್ 2024

ಆಪಾ,

ಕೇಳಿದ ಪುರಾವೆ ಇದರೊಂದಿಗೆ ಇದೆ. ಮೊದಲು ಅದರ ಇತಿಹಾಸ ಓದು.

ಬರೆಯದ ಆ ದಿನಗಳಲ್ಲಿ ಏನು ಬರೆಯಬೇಕೋ ನನಗೇ ಗೊತ್ತಿರಲಿಲ್ಲ. ನಳಿಗೆಯಿಂದ ಹಾಕಿದ್ದಷ್ಟೇ ಅವನ ಹೊಟ್ಟೆಗೆ. ಪ್ರತಿ ದಿನ ನಿನಗೊಂದು ಪತ್ರ ಶುರು ಮಾಡಿ ಹರಿದೆ. ಒಂದರಲ್ಲಿ ಅವನು ಸತ್ತಿದ್ದ. ನಾಳೆಗೆ ಬೇಕಾಗುತ್ತದೆ ಎಂದು ಮೊದಲೇ ಬರೆದಿಟ್ಟಿದ್ದೆ. ಅದನ್ನು ಹರಿದದ್ದು ಬಿಜಲಿ ವಾಪಸ್ ಬಂದ ದಿನ. ಅವಳು ತನ್ನ ಪಾಲಿನ ಘಾಸ ತಿನ್ನುತ್ತಿದ್ದಳು. ಇವನು ಎದ್ದು, ಕಾಲು ನಡುಗಿಸುತ್ತಾ ಹೋಗಿ, ಅವಳ ಬಾಯಿಯಿಂದಲೇ ಒಂದು ಕಡ್ಡಿ ಕಸಿದ. ಮುತ್ಯಾ ಪಿಸುಗುಟ್ಟಿದರು: "ಹೊಟ್ಟಿ ಉರ್ಕೋ ಮಗನ, ಉರ್ಕೋ. ಎಲ್ಲಾ ಕಸ್ಗೊಂಡು ತಿನ್ನು."

ಈಗ ಬೆಳಿಗ್ಗೆ ಬರಿ ಹೊಟ್ಟೆಗೆ ಮೇಡಂ ಕೊಟ್ಟ ಔಷಧ, ಅರ್ಧ ತಾಸು ಬಿಟ್ಟು ಮೇವು. ಇನ್ನೂ ಮೂರು ವಾರ ತಪ್ಪಿಸುವಂತಿಲ್ಲ. ಮೇಡಂ ಒಪ್ಪಿದ ಮೇಲೆ ಮೊನ್ನೆ ಅವನನ್ನು ಅಗರಖೇಡ ರಸ್ತೆಯ ಮದುವೆಗೆ, ಬೆನ್ನ ಮೇಲೆ ಯಾರನ್ನೂ ಕೂರಿಸದೆ, ಬಿಜಲಿಯ ಜೊತೆಗಾರನಾಗಿ ಮಾತ್ರ ಒಯ್ದೆವು. ಉಪವಾಸ ಇಲ್ಲ. ಕೊರಳಿಗೆ ಜಾಳಿಗೆ ಚೀಲ, ಚೀಲ ತುಂಬ ಘಾಸ, ದಾರಿಯುದ್ದಕ್ಕೂ ಮೆಲ್ಲುತ್ತಾ ನಡೆದ. ಬೀಗರ ಬಾಗಿಲ ಎದುರು ಬಂದೆವು. ಆರತಿ ಹಿಡಿದ ಹೆಂಗಸರು ಮುಂದೆ ಬಂದರು. ಸಾಹೇಬರು ನಿಂತರು. ಬಾಲ ಎತ್ತಿದರು.

ಬ್ಯಾಂಡು ನಿಂತಿತು. ಹುಡುಗಿಯ ಸೋದರಮಾವ ಕೆಂಪಾದರು. "ಏನ್ರಿ ಕಾಸಿಂಸಾಬ್ರ, ಇದೇನ್ರಿ ಇದು?"

ಇಷ್ಟು ವರ್ಷ ಮಾನಕ್ಕೆ ಅಂಜಿದ ಮುತ್ಯಾ ಅಲ್ಲೇ ಕೈ ಮುಗಿದು ನಿಂತರು. ಬೀಗರಿಗಲ್ಲ, ಕೆಳಗೆ ಬಿದ್ದದ್ದಕ್ಕೆ. "ಇದು ಲದ್ದಿ ಅಲ್ರಿ ಯಜಮಾನ್ರ" ಅಂದರು, "ಜೀವ." ಮಂದಿ ನಗುತ್ತಿದ್ದರು. ಮುತ್ಯಾಗೆ ಅದು ಕೇಳಿಸಲಿಲ್ಲ.

ಅದರಲ್ಲಿ ಒಂದನ್ನು ಒಣಗಿಸಿ ಕಳಿಸುತ್ತಿದ್ದೇನೆ. ಮುರಿದು ನೋಡು.

ಲಗತ್ತು: ಒಂದು.

ಅಫ್ತಾಬ

ತಾ.ಕ.: ಡಬ್ಬಿಯ ಮೇಲೆ "ಇಂಡಿಯ ಲಿಂಬೆಹಣ್ಣು" ಎಂದು ಬರೆಯಬೇಕಾಯಿತು. ಅಂಚೆಯವರು ಕೇಳಿದರು.


ಮುದ್ದೇಬಿಹಾಳ
21 ಡಿಸೆಂಬರ್ 2024

ಅಫ್ತಾಬ,

ಡಬ್ಬಿಯನ್ನು ವಾರ್ಡನ್ ಮೇಡಂ ತೆರೆದರು. ಶರಬತ್ತಿಗೆ ಆಗುತ್ತದೆ ಎಂದು ಮೊದಲು ಕೈಗೆ ತೆಗೆದುಕೊಂಡು ಮೂಸಿದವರೂ ಅವರೇ. ಆಮೇಲೆ ಆದದ್ದನ್ನು ಬರೆಯಲಾರೆ. ನಮ್ಮ ಮನೆಯ ನಂಬರಿನ ಜೊತೆ ಈಗ ನಮ್ಮ ಊರೂ ಇಲ್ಲಿ ನಿಷಿದ್ಧ.

ಅವರು ಕಸದ ಬುಟ್ಟಿಗೆ ಎಸೆದದ್ದನ್ನು ಓಡಿಹೋಗಿ ಎತ್ತಿಕೊಂಡೆ. ವಿದ್ಯಾವತಿ, "ಹುಚ್ಚು ಹಿಡೀತೇನ್ ನಿನಗ?" ಅಂದಳು. ಆಗಲೂ ಅಂಜಿಕೆ ಹೋಗಿರಲಿಲ್ಲ. ನೀನು ಬಿಜಲಿಯದನ್ನು ಕಳಿಸಿರಬಹುದು. ಅಂಗೈ ಮೇಲಿಟ್ಟು ನೋಡಿದೆ. ಬಿಜಲಿಯಂಥ ದೊಡ್ಡ ಕುದುರೆಯದು ಇಷ್ಟು ಸಣ್ಣದಿರುವುದಿಲ್ಲ. ಸರಿಯಾಗಿ ಒಂದು ಲಿಂಬೆಹಣ್ಣಿನಷ್ಟು.

ಮುರಿದೆ. ಒಳಗೆಲ್ಲ ಘಾಸದ ಹಸಿರು.

ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆಮೇಲೆ ಎದ್ದು ಹೋಗಿ ಊಟ ಮಾಡಿದೆ.

ಆಪಾ